ಓಣಿಯ ಬಾಯಿಗೆ ನಿಂತ ಡಂಗುರ

ನೌಕರಿಯ ಕಾಲದಲ್ಲಿ ನಾನು ತಪ್ಪದೆ ಹೋಗುತ್ತಿದ್ದ ಜಾಗಗಳು ಎರಡು. ಒಂದು ಶಾಲೆ, ಇನ್ನೊಂದು ಮುನ್ಸಿಪಾಲಿಟಿಯ ಸಭೆ. ಶಾಲೆಗೆ ಹೋದದ್ದಕ್ಕೆ ಸಂಬಳ ಬರುತ್ತಿತ್ತು. ಸಭೆಗೆ ಹೋದದ್ದಕ್ಕೆ, "ಈ ಅಕ್ಕೋರಿಗೆ ಮನ್ಯಾಗ ಕೆಲಸ ಇಲ್ಲೇನು?" ಎಂಬ ಮಾತು ಬರುತ್ತಿತ್ತು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಆ ಗೌರವದ ಮಾತನ್ನೇ ಮೂಗಿನಿಂದ ಆಡಿದರೆ ಬೈಗುಳವಾಗುತ್ತದೆ ಎಂಬುದು ನನಗೆ ತಿಳಿದದ್ದು ಆ ಸಭೆಯ ಬಾಗಿಲಲ್ಲಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ನಾನು ಕಲಿಸಿದ್ದೇನೆ. ಈಗ ಬರೆಯುವ ಸಂಗತಿ ನಡೆದದ್ದು ಅವುಗಳಲ್ಲಿ ಒಂದರಲ್ಲಿ. ಯಾವ ಊರು ಎಂದು ಹೇಳುವುದಿಲ್ಲ. ಆಗಿನ ಅಧ್ಯಕ್ಷರ ಮೊಮ್ಮಕ್ಕಳು ಅಲ್ಲಿದ್ದಾರೆ, ನನ್ನ ವಿದ್ಯಾರ್ಥಿನಿಯರ ಮೊಮ್ಮಕ್ಕಳೂ ಅಲ್ಲಿದ್ದಾರೆ. ಅವರವರಲ್ಲೇ ಬೀಗತನ ಆಗಿದ್ದರೂ ಆಗಿರಬಹುದು.

ನನ್ನ ತಂದೆ ಸೆರೆಮನೆಯಲ್ಲಿ ಜಮಾದಾರರಾಗಿದ್ದರು. ನಮ್ಮ ಮನೆಯೂ ಅದರ ಗಂಟೆಯ ಮೇಲೆಯೇ ನಡೆಯುತ್ತಿತ್ತು. ಗಂಟೆ ಬಾರಿಸಿದರೆ ಎದ್ದೇಳಬೇಕು, ಹಾಸಿಗೆ ಸುತ್ತಿ ಗೋಡೆಗಿಡಬೇಕು, ತಾಟು ತೊಳೆದು ಬೋರಲು ಹಾಕಬೇಕು. ಮಲಗುವ ಮೊದಲು ತಂದೆ ಪ್ರತಿಯೊಂದು ಬಾಗಿಲಿನ ಚಿಲಕ ಜಗ್ಗಿ ನೋಡುತ್ತಿದ್ದರು. ಅವರ ಒಂದು ಮಾತು ನನಗೆ ಬಾಯಿಪಾಠ: "ಮುಚ್ಚಿದ ಬಾಗಲಾ ಒಮ್ಮೆ ನೋಡು. ತೆರೆದ ಬಾಗಲಾ ಎರಡ ಸಲ ನೋಡು." ನನ್ನ ಸಂಶಯದ ಸ್ವಭಾವ ಅಲ್ಲಿಂದ ಬಂದದ್ದು. ಅದರಿಂದ ನನಗೆ ಗೆಳತಿಯರು ಕಡಿಮೆಯಾದರು. ಆದರೆ ಮೋಸ ಹೋದದ್ದೂ ಕಡಿಮೆ.

ಮುನ್ಸಿಪಾಲಿಟಿಯ ಸಭೆ ತೆರೆದ ಬಾಗಿಲಿನ ಸಭೆ. ಊರಿನವರು ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು ಎಂದು ಕಾಯ್ದೆ ಇತ್ತು. ನಾನು ಆ ಊರಿಗೆ ಹೋದ ಹೊಸತರಲ್ಲಿ ಜನರಿಗೆಂದು ಒಂದು ಬೆಂಚು ಸಭೆಯ ಕೋಣೆಯೊಳಗೆ, ಕಿಟಕಿಯ ಕೆಳಗೆ ಇತ್ತು. ಅದರ ಮೇಲೆ ಧೂಳು ಕೂತಿತ್ತು. ನಾನು ಸೆರಗಿನಿಂದ ಒರೆಸಿ ಕೂತೆ. ಮುಂದಿನ ಸಭೆಗೆ ಹೋದಾಗ ಬೆಂಚು ಹೊರಗಿನ ಪಡಸಾಲೆಗೆ ಬಂದಿತ್ತು. ಅದರ ಮುಂದಿನ ಸಭೆಗೆ ಕಟ್ಟಿಗೆ ಒಟ್ಟಿದ್ದ ಹಿತ್ತಲಿಗೆ ಹೋಗಿತ್ತು.

"ಬೆಂಚು ಎಲ್ಲಿ?" ಎಂದು ಬಾಗಿಲಲ್ಲಿದ್ದ ಸಿಪಾಯಿಯನ್ನು ಕೇಳಿದೆ.

"ಒಳಗ ಜಾಗ ಸಾಲವಲ್ದ್ರಿ ಅಕ್ಕೋರ."

ಮರುಸಭೆಗೆ ನಾನು ಮನೆಯಿಂದ ಒಂದು ಚಾಪೆ ಸುತ್ತಿಕೊಂಡು ಹೋದೆ. ಸಿಪಾಯಿ ಅದನ್ನು ಹಾವಿನಂತೆ ನೋಡಿದ.

"ಚಾಪಿ ತರಬೇಕಂತ ಕಾಯ್ದೆದಾಗ ಇಲ್ರಿ."

"ತರಬಾರದು ಅಂತ ಐತೇನು?"

ಅವನು ಸ್ವಲ್ಪ ಹೊತ್ತು ಯೋಚಿಸಿ ದಾರಿ ಬಿಟ್ಟ. ಅಂದಿನಿಂದ ಗೋಡೆಗೆ ಒರಗಿ ನನ್ನ ಚಾಪೆಯ ಮೇಲೆಯೇ ಕೂರುತ್ತಿದ್ದೆ. ಸರಕಾರಿ ನೌಕರಳಾದ್ದರಿಂದ ಅಲ್ಲಿ ಮಾತಾಡುವಂತಿರಲಿಲ್ಲ. ಕೇಳಬಹುದಿತ್ತು, ಅಷ್ಟೇ.

ಕೇಳುವುದಕ್ಕಾದರೂ ಏನಿತ್ತು? ಮೆಂಬರರೆಲ್ಲ ಮೋಟಾರು ನಿಲ್ಲುವ ಜಾಗದ ಹೋಟೆಲಿನಲ್ಲಿ ಚಹಾ ಕುಡಿದು, ಒಟ್ಟಿಗೇ ಮೀಸೆ ಒರೆಸಿಕೊಳ್ಳುತ್ತ ಬರುತ್ತಿದ್ದರು. ಕಾರಕೂನ ಠರಾವು ಓದುತ್ತಿದ್ದ. ಅವನು ಓದಿ ಮುಗಿಸುವ ಮೊದಲೇ ಕೈಗಳು ಏಳುತ್ತಿದ್ದವು. ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಹುಡುಗಿಯ ಉತ್ತರ ಅವಳದಲ್ಲ, ಮನೆಯಲ್ಲಿ ಯಾರೋ ಹೇಳಿಕೊಟ್ಟದ್ದು ಎಂಬುದು ಶಿಕ್ಷಕಿಯರಿಗೆಲ್ಲ ಗೊತ್ತು. ಸಭೆ ನಡೆಯುವುದು ಹೋಟೆಲಿನಲ್ಲಿ, ಇಲ್ಲಿ ನಡೆಯುವುದು ಅದರ ಪಾಠ ಒಪ್ಪಿಸುವಿಕೆ ಎಂದು ನಾನು ಬೇಗ ತಿಳಿದುಕೊಂಡೆ. ಆದರೂ ಹೋಗುತ್ತಿದ್ದೆ. ಪಾಠ ಒಪ್ಪಿಸುವಾಗಲೂ ಕೆಲವರು ತಡವರಿಸುತ್ತಾರೆ. ತಡವರಿಸಿದ ಜಾಗದಲ್ಲೇ ಏನೋ ಇರುತ್ತದೆ.

ನಮ್ಮ ಓಣಿಯ ಬಾವಿಯ ಮಾತು ಬಂದಾಗ ಕಾರಕೂನ ಹಾಗೆ ತಡವರಿಸಿದ.

ಆ ಊರಿನ ನೀರು ಸವುಳು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಸಿಹಿನೀರಿನ ಬಾವಿ ಒಂದೇ ಇದ್ದದ್ದು, ನಮ್ಮ ಓಣಿಯ ನಡುವೆ. ಕಲ್ಲಿನ ಕಟ್ಟೆ, ಎರಡು ಕಡೆ ನೀರು ಸೇದುವ ಗಡಗಡಿ. ಬೆಳಕು ಹರಿಯುವ ಮೊದಲೇ ಆ ಗಡಗಡಿಗಳ ಸಪ್ಪಳ ಶುರುವಾಗುತ್ತಿತ್ತು. ಮೊದಲ ಸಪ್ಪಳ ಯಾವಾಗಲೂ ಖಾಲಾನದು.

ಖಾಲಾ ನನ್ನ ಪಕ್ಕದ ಮನೆಯವಳು. ಅವಳ ಗಂಡ ಟಾಂಗಾ ಹೊಡೆಯುತ್ತಿದ್ದವನು ತೀರಿಕೊಂಡ ಮೇಲೆ ಆ ಬಾವಿಯ ನೀರನ್ನು ಪೇಟೆಯ ಹೋಟೆಲುಗಳಿಗೂ ಉಳ್ಳವರ ಮನೆಗಳಿಗೂ ಹೊತ್ತು ಹಾಕಿ ಬದುಕುತ್ತಿದ್ದಳು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಎರಡು ಕೊಡ, ಸೊಂಟದಲ್ಲಿ ಒಂದು. ಅವಳ ಮನೆತನ ಆ ಓಣಿಯಲ್ಲಿ ಎಷ್ಟು ಹಳೆಯದೆಂದರೆ, ಜಗಳ ಬಂದಾಗ "ನೀವು ಯಾವಾಗ ಬಂದಿರಿ ಈ ಓಣಿಗೆ?" ಎಂದು ಕೇಳುವ ಹಕ್ಕು ಅವಳಿಗಿತ್ತು. ಎಲ್ಲ ಜಾತಿಯ ಮಕ್ಕಳಿಗೂ ಅವಳು ಖಾಲಾನೇ, ಅಂದರೆ ಚಿಕ್ಕಮ್ಮ. ನಾನು ಅವಳಿಗಿಂತ ಚಿಕ್ಕವಳಾದರೂ ಅವಳಿಗೆ ಅಕ್ಕೋರು.

ಕಾರಕೂನ ಓದಿದ ಠರಾವು ಹೀಗಿತ್ತು: ಸಿಹಿನೀರಿನ ಬಾವಿಗೆ ಇಂಜಿನ್ ಕೂಡ್ರಿಸಿ, ನೀರನ್ನು ಪೈಪಿನಿಂದ ಪೇಟೆಗೆ ಒಯ್ಯತಕ್ಕದ್ದು. ಬಾವಿಯ ಬಾಯಿಯನ್ನು ಬಂದ್ ಮಾಡತಕ್ಕದ್ದು. ಓಣಿಯವರಿಗೆ ಅನುಕೂಲ ನೋಡಿ ಒಂದು ನಳ ಕೊಡತಕ್ಕದ್ದು.

"ಬಂದ್" ಎಂಬಲ್ಲಿ ಅವನು ಒಮ್ಮೆ ಕೆಮ್ಮಿ, ನನ್ನ ಚಾಪೆಯ ಕಡೆ ನೋಡಿದ.

ಪೇಟೆಯವರಿಗೂ ಸಿಹಿನೀರು ಬೇಕಾಗಿತ್ತು, ಅದು ಸುಳ್ಳಲ್ಲ. ಆದರೆ ನನಗೆ "ಅನುಕೂಲ ನೋಡಿ" ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಯಾರ ಅನುಕೂಲ? ನೋಡುವವರು ಯಾರು? ಅಧ್ಯಕ್ಷರ ಮನೆ ಪೇಟೆಯಲ್ಲಿತ್ತು, ಹೆಚ್ಚಿನ ಮೆಂಬರರ ಮನೆಗಳೂ ಅಲ್ಲೇ ಇದ್ದವು. ಬಾವಿಯ ಬಾಯಿ ಮುಚ್ಚಿ ನಳ ಬಾರದೆ ಹೋದರೆ ನಮ್ಮ ಓಣಿ ಸವುಳು ನೀರು ಕುಡಿಯಬೇಕು. ನಳ ಬಂದರೂ ಖಾಲಾನ ಹೊಟ್ಟೆ ಮುಚ್ಚಿದಂತೆಯೇ. ಪೇಟೆಗೆ ಪೈಪು ಹೋದ ಮೇಲೆ ಅವಳ ಕೊಡ ಯಾರಿಗೆ ಬೇಕು? ಬಾಯಿ ತೆರೆದಿದ್ದರೆ ಪೈಪು ಮುಟ್ಟದ ಮೇಲಿನ ಓಣಿಗಳಿಗಾದರೂ ಅವಳು ನೀರು ಹಾಕಬಹುದಿತ್ತು.

ಅಂದು ಆ ಠರಾವು ಪಾಸಾಗಲಿಲ್ಲ. ಯಾಕೆಂದರೆ ಆ ಊರಲ್ಲಿ ಒಂದು ರೂಢಿ ಇತ್ತು. ಇಂಥ ದೊಡ್ಡ ಕೆಲಸವಿದ್ದರೆ ಮೊದಲು ಎಲ್ಲ ಓಣಿಗಳಲ್ಲಿ ಹಲಗಿ ಬಾರಿಸಿ ಡಂಗುರ ಸಾರಬೇಕು. ತಕರಾರು ಇದ್ದವರು ಮುಂದಿನ ಸಭೆಗೆ ಖುದ್ದಾಗಿ ಬಂದು ಹೇಳಬೇಕು. ಡಂಗುರ ಆಗದ ಓಣಿಯ ಮೇಲೆ ಠರಾವು ಹೇರುವಂತಿಲ್ಲ.

"ಡಂಗುರ ಆಗಲಿ, ಆಮ್ಯಾಲ ನೋಡೂಣು," ಎಂದರು ಅಧ್ಯಕ್ಷರು. ಎತ್ತಿದ ಕೈಗಳು ಇಳಿದವು.

ಮನೆಗೆ ಬಂದು ಖಾಲಾಗೆ ಹೇಳಿದೆ. ಅವಳು ಹಗ್ಗ ಸುತ್ತುತ್ತ ಕೇಳಿಸಿಕೊಂಡಳು. "ಸಾರಲಿ ಬಿಡ್ರಿ. ಓಣಿಗೆ ಓಣಿನ ಹೋಗಿ ಕುಂದರೂಣು. ನಿಮ್ಮ ಚಾಪಿ ಸಾಲೂದಿಲ್ಲ, ಅಷ್ಟ." ಅವಳು ನಕ್ಕಳು. ಆ ಹಗ್ಗವನ್ನು ಮಾತ್ರ ಎರಡು ಸಲ ಬಿಚ್ಚಿ ಎರಡು ಸಲ ಸುತ್ತಿದಳು.

ಡಂಗುರದ ದಿನ ನಮ್ಮ ಓಣಿಯಲ್ಲಿ ಒಂದು ಸಾವಾಯಿತು.

ಓಣಿಯ ಕೊನೆಯ ಮನೆಯ ಅಜ್ಜ ಬೆಳಗ್ಗೆ ತೀರಿಕೊಂಡರು. ಊರಿನ ಜಗಳಗಳನ್ನು ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಿದ್ದ ಹಿರಿಯರು. ಮೆಂಬರರಲ್ಲಿ ಒಬ್ಬರಿಗೆ ಸ್ವಂತ ಕಾಕಾ. ಒಬ್ಬನೇ ಮಗ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ಅವನು ಬರುವುದು ಸಂಜೆಯಾಗುತ್ತದೆಂದು ಹೆಣವನ್ನು ಪಡಸಾಲೆಯಲ್ಲಿ ಗೋಡೆಗೊರಗಿಸಿ ಕೂಡ್ರಿಸಿದ್ದರು. ವಿಭೂತಿ ಹಚ್ಚಿ ಹೂವು ಹಾಕಿದ್ದರು. ಭಜನೆ ನಡೆದಿತ್ತು. ನಾನು ಶಾಲೆಗೆ ರಜೆ ಹಾಕಿ ಹೆಂಗಸರ ನಡುವೆ ಕೂತಿದ್ದೆ.

ಬಿಸಿಲೇರುವ ಹೊತ್ತಿಗೆ ದೂರದ ಓಣಿಗಳಲ್ಲಿ ಹಲಗಿಯ ಸಪ್ಪಳ ಕೇಳಿಸಿತು. ಹತ್ತಿರ ಹತ್ತಿರ ಬಂದು, ನಮ್ಮ ಓಣಿಯ ಬಾಯಿಗೆ ಬಂದು, ನಿಂತಿತು. ಬಾಗಿಲಿನಿಂದ ನೋಡಿದೆ. ಡಂಗುರದ ಮುದುಕ ಹಲಗಿಯನ್ನು ಬಗಲಿಗೆ ಹಾಕಿಕೊಂಡು, ರುಮಾಲು ತೆಗೆದು, ತಲೆ ಬಾಗಿ ನಿಂತಿದ್ದ. ಆಮೇಲೆ ಸದ್ದಿಲ್ಲದೆ ಹೊರಳಿ ಹೋದ.

"ನೋಡ್ರಿ, ಎಂಥಾ ಮರ್ಯಾದಿ," ಎಂದಳು ಪಕ್ಕದ ಮುದುಕಿ ಕಣ್ಣೊರೆಸಿಕೊಳ್ಳುತ್ತ.

ಮರ್ಯಾದೆ ಹೌದು. ಹೆಣ ಇರುವ ಓಣಿಯಲ್ಲಿ ಸಾವಿನ ಹಲಗಿ ಬಿಟ್ಟು ಬೇರೆ ಹಲಗಿ ಬಾರಿಸಬಾರದು. ಬಾರಿಸಿದರೆ ಸತ್ತವರಿಗೆ ಅವಮಾನ. ಆದರೆ ಆ ಪದ್ಧತಿಗೆ ಎರಡನೆಯ ಅರ್ಧವೂ ಇತ್ತು. ಹೆಣ ಎತ್ತಿದ ಮರುದಿನ ಬೆಳಗ್ಗೆ ಡಂಗುರದವನು ತಿರುಗಿ ಬಂದು, ಬಾಕಿ ಉಳಿದ ಆ ಒಂದು ಓಣಿಗೆ ಸಾರಿ ಹೋಗಬೇಕು. ಹಿಂದಿನ ವರ್ಷ ಮೇಲಿನ ಓಣಿಯಲ್ಲಿ ಹಾಗೆ ಆದದ್ದನ್ನು ನಾನೇ ಕಂಡಿದ್ದೆ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಶೋಕದ ಓಣಿ, ಯಾರಿಗೂ ಇದರ ಪರಿವೆ ಇರಲಿಲ್ಲ. ನನಗೆ ಮಾತ್ರ ಸಂಶಯ ಬಂತು. ಪೇಟೆಯಲ್ಲಿ ಮನೆಯಿದ್ದ ನನ್ನ ಜೊತೆಯ ಶಿಕ್ಷಕಿಯನ್ನು ಶಾಲೆಯಲ್ಲಿ ಕೇಳಿದೆ. ಅವಳು ಸಹಜವಾಗಿ ಹೇಳಿದಳು: "ನಿಮ್ಮ ಓಣಿ ಬಾವೀದ ಠರಾವ ಅಲ್ಲೇನ್ರಿ? ಶನಿವಾರ ಮಧ್ಯಾಹ್ನ ಸಭಾ ಐತಿ, ತಕರಾರ ಇದ್ದವರು ಬರ್ರಿ ಅಂತ ಸಾರಿದ್ರು. ಯಾಕ, ನಿಮ್ಮಲ್ಲೆ ಸಾರಲಿಲ್ಲೇನು?"

ಸಂಜೆ ಊರಬಾಗಿಲ ಅಗಸಿಯ ಹತ್ತಿರ ಹೋದೆ. ಡಂಗುರದ ಮುದುಕ ಬೇವಿನ ಗಿಡದ ಕೆಳಗೆ ಹುಲ್ಲಿನ ಉರಿಗೆ ಹಲಗಿಯ ಚರ್ಮ ಕಾಯಿಸುತ್ತ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಅಜ್ಜಾ, ನಮ್ಮ ಓಣಿಗೆ ತಿರುಗಿ ಬರಲಿಲ್ಲಲ್ಲ?"

"ಬರಾಕ ಹೊಂಟಿದ್ದೆರಿ. ಸಿಪಾಯಿ ಬ್ಯಾಡ ಅಂದ."

"ಯಾಕಂತ?"

"ಅಲ್ಲೆ ದುಃಖ ಐತಿ, ಈಗ ಹೋಗಿ ಕಿವ್ಯಾಗ ಬಡೀಬ್ಯಾಡ ಅಂತ ಅಧ್ಯಕ್ಷ ಸಾಹೇಬ್ರು ಹೇಳ್ಯಾರ ಅಂದ. ಅವರ ಮಾತ ಮೀರಾಕ ಬರ್ತೈತೇನ್ರಿ? ನಾ ಹೇಳಿದೆ ಅಂತ ಎಲ್ಲೂ ಅನಬ್ಯಾಡ್ರಿ ಅಕ್ಕೋರ. ಇದೊಂದ ಹಲಗಿ ಮ್ಯಾಲ ಮನಿ ನಡದೈತಿ."

ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಬರುವ ದಾರಿಯುದ್ದಕ್ಕೂ ಆ ಹೂಟದ ಅಚ್ಚುಕಟ್ಟುತನವನ್ನೇ ಯೋಚಿಸಿದೆ. ಸಾವು ಅವರು ಹೂಡಿದ್ದಲ್ಲ, ತಾನಾಗಿ ಬಂದದ್ದು. ಆದರೆ ಅದು ಬಂದ ಮೇಲೆ ಪದ್ಧತಿಯ ಮೊದಲ ಅರ್ಧವನ್ನು ಹಿಡಿದು ಎರಡನೆಯ ಅರ್ಧವನ್ನು ಬಿಟ್ಟಿದ್ದರು. ದುಃಖದ ಮನೆಯ ಮುಂದೆ ಮೌನವಾಗಿದ್ದವನನ್ನು ಯಾರು ಬೈಯುತ್ತಾರೆ?

ಓಣಿಯ ಇಬ್ಬರು ಹಿರಿಯರು ಕಚೇರಿಗೆ ಹೋಗಿ ಕೇಳಿ ಬಂದರು. "ಡಂಗುರ ಎಲ್ಲಾ ಕಡೆ ಆಗೈತಿ. ಏನಿದ್ರೂ ಶನಿವಾರ ಬರ್ರಿ" ಎಂಬ ಉತ್ತರ ಸಿಕ್ಕಿತ್ತು. ಶನಿವಾರ ಹೋದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ತಕರಾರಿನವರನ್ನು ಪಡಸಾಲೆಯಲ್ಲಿ ನಿಲ್ಲಿಸಿ, "ಕರೀತೇವಿ" ಎಂದು ಹೇಳಿ, ಕೈ ಎತ್ತಿ ಮುಗಿಸಿದ ಮೇಲೆ ಬಾಗಿಲು ತೆರೆಯುವುದನ್ನು ಒಮ್ಮೆ ಅಲ್ಲ, ಹಲವು ಸಲ ನನ್ನ ಚಾಪೆಯ ಮೇಲಿಂದ ನೋಡಿದ್ದೆ.

ಬಾವಿಕಟ್ಟೆಯ ಮೇಲೆ ಕೂತು ಇದನ್ನು ಖಾಲಾಗೆ ಹೇಳಿದೆ.

"ತಕರಾರ ತಗೊಂಡು ಹೋದವರಿಗೆ ಬಾಗಲಾ ಮುಚ್ತಾರ. ಹೌದಲ್ಲ?"

"ಹೌದು."

"ಉಪಕಾರ ಹೇಳಾಕ ಹೋದವರಿಗೆ?"

ನಾನು ಅವಳ ಮುಖ ನೋಡಿದೆ.

"ಅಜ್ಜನ ಮಗ ಇನ್ನೂ ಇಲ್ಲೇ ಅದಾನ," ಎಂದಳು. "ನಮ್ಮ ಅಪ್ಪನ ಹೆಣ ಇದ್ದಾಗ ನೀವು ಹಲಗಿ ನಿಲ್ಲಿಸಿದ್ರಿ, ನಿಮ್ಮ ಉಪಕಾರ ಆತು ಅಂತ ಸಭಾದಾಗ ಹೋಗಿ ಕೈ ಮುಗದು ಬರಲಿ. ಮಗಾ ಅಂದಮ್ಯಾಲ ಅಷ್ಟೂ ಮಾಡಬಾರದೇನು? ಎಂಥಾ ಸಿಪಾಯಿ ಇದ್ರೂ ಕೈ ಮುಗದವನ ಮುಂದ ಬಾಗಲಾ ಹಾಕೂದಿಲ್ಲ."

"ಆಮೇಲೆ?"

"ಆಮ್ಯಾಲ ಠರಾವ ಅವರ ಓದ್ತಾರಲ್ಲ. ಓದಲಿ."

ಸೊಲ್ಲಾಪುರದ ಮಗನಿಗೆ ಹೇಳಲು ನಾವಿಬ್ಬರೂ ಹೋದೆವು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ತಾಯಿ ಒಳಗೆ ಮಲಗಿದ್ದಳು. ಅವನು ಪೂರ್ತಿ ಕೇಳಿ, "ಅವ್ವ ಇನ್ನ ಮುಂದ ಒಬ್ಬಾಕಿನ ಇರಾಕಿ. ಬಾವಿ ಮುಚ್ಚಿದ್ರ ಆಕಿಗೆ ನೀರ ಯಾರ ತರ್ತಾರ?" ಎಂದ.

"ಸದ್ಯ ನಾ ಇದ್ದೇನಲ್ಲೋ," ಎಂದಳು ಖಾಲಾ. "ಆದ್ರ ಬಾವಿನ ಇಲ್ಲಂದ್ರ ಏನ ತರ್ಲಿ, ಬರೀ ಕೊಡ?"

ಅವನು ಬರುತ್ತೇನೆಂದ. ಬರುತ್ತಾನೆಂದು ನಾನು ಪೂರ್ತಿ ನಂಬಲಿಲ್ಲ. ಊರು ಬಿಟ್ಟು ಹೋದವರಿಗೆ ಊರಿನ ದೊಡ್ಡವರ ಹಂಗು ಹೆಚ್ಚು. ಹಿಂದೆ ಉಳಿದ ಮನೆ ಹೊಲ ಅವರ ಕೈಯಲ್ಲೇ ಇರುತ್ತದಲ್ಲ.

ಶನಿವಾರ ನಾನು ಶಾಲೆಯಿಂದ ನೇರವಾಗಿ ಹೋಗಿ ಚಾಪೆ ಹಾಸಿದೆ. ಮೆಂಬರರು ಮೀಸೆ ಒರೆಸಿಕೊಳ್ಳುತ್ತ ಬಂದರು. ಹೊರಗೆ ನಮ್ಮ ಓಣಿಯವರ ಗದ್ದಲ ಕೇಳಿಸುತ್ತಿತ್ತು. ಸಿಪಾಯಿಯ ದನಿ ಅದರ ಮೇಲೆ: "ಒಳಗ ಜಾಗ ಇಲ್ರಿ. ತಕರಾರಿನ ಹೊತ್ತಿಗೆ ಕರೀತೇವಿ." ಅವನು ಬಾಗಿಲನ್ನು ಒಂದು ಗೇಣು ಬಿಟ್ಟು ಮುಚ್ಚಿದ. ತೆರೆದ ಸಭೆ ಎನ್ನುವುದಕ್ಕೆ ಆ ಗೇಣು.

ಮೊದಲ ಒಂದೆರಡು ಕೆಲಸಗಳು ಮುಗಿದವು. ಮಗ ಇನ್ನೂ ಬಂದಿರಲಿಲ್ಲ. ಕಾರಕೂನ ಕಾಗದ ಮಗುಚಿದ.

ಆಗ ಬಾಗಿಲ ಸಂದಿನಲ್ಲಿ ಮಾತು ಕೇಳಿಸಿತು.

"ನೀವೂ ತಕರಾರಿಗೇನು?" ಸಿಪಾಯಿಯ ದನಿ.

"ಅಲ್ಲಪಾ. ಉಪಕಾರ ಹೇಳಾಕ ಬಂದೇನಿ. ನಮ್ಮಪ್ಪ ಹೋದ್ರಲ್ಲ, ಅದರ ಸಲುವಾಗಿ."

ಸಿಪಾಯಿ ತಲೆ ಒಳಗೆ ಹಾಕಿ ಅಧ್ಯಕ್ಷರಿಗೆ ಹೇಳಿದ. ಅಧ್ಯಕ್ಷರು, "ಒಳಗ ಕರೀರಿ, ಕರೀರಿ" ಎಂದು ತಾವೇ ಅರ್ಧ ಎದ್ದರು. ಎರಡೂ ಬಾಗಿಲು ತೆರೆದವು. ಅವನ ಬೆನ್ನ ಹಿಂದೆ ಖಾಲಾ, ಅವಳ ಹಿಂದೆ ಓಣಿಯ ಹೆಂಗಸರು, ಗಂಡಸರು. ಶೋಕದ ಮನೆಯವನ ಜೊತೆ ಬಂದವರನ್ನು ತಡೆಯುವುದು ಹೇಗೆಂದು ತಿಳಿಯದೆ ಸಿಪಾಯಿ ಗೋಡೆಗೆ ಸರಿದ.

ಮಗ ಕೈ ಮುಗಿದು ನಿಂತ. "ಅಪ್ಪಾರ ಹೆಣ ಇದ್ದಾಗ ನಮ್ಮ ಓಣಿ ಬಾಯಿಗೆ ಹಲಗಿ ನಿಲ್ಲಿಸಿದ್ರಿ. ಭಾಳ ದೊಡ್ಡ ಮನಸ್ಸ ಮಾಡಿದ್ರಿ. ನಾ ಪರಊರಾಗ ಇರಾಂವ, ಹೇಳದ ಹೋದ್ರ ತಪ್ಪಾಕ್ಕೈತಿ ಅಂತ ಬಂದೆ."

ಅಧ್ಯಕ್ಷರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಅದಕ್ಕ ಉಪಕಾರ ಯಾಕೋ ತಮ್ಮಾ? ನಿಮ್ಮಪ್ಪ ನಮಗೂ ಹಿರ್ಯಾರ. ಆ ಓಣ್ಯಾಗ ಸಪ್ಪಳ ಆಗಬಾರದು ಅಂತ ನಾನ ಖುದ್ದ ಹೇಳಿ ಕಳಿಸಿದ್ದೆ. ಮರುದಿವಸನೂ ಬ್ಯಾಡ ಅಂದೆ."

ಮೆಂಬರರೆಲ್ಲ ತಲೆಯಾಡಿಸಿದರು. ಅಜ್ಜನ ಅಣ್ಣನ ಮಗನಾದ ಮೆಂಬರರು ಕಣ್ಣೊರೆಸಿಕೊಂಡು, "ಅಧ್ಯಕ್ಷರ ಈ ಮಾತ ಬರ್ಕೊಳ್ರಿ," ಎಂದು ಕಾರಕೂನನಿಗೆ ಹೇಳಿದರು. ಅವನು ಬರೆದುಕೊಂಡ. ಓಣಿಯವರು ಗೋಡೆಯುದ್ದಕ್ಕೂ ನಿಂತರು. ಈಗ ಅವರನ್ನು ಹೊರಗೆ ಹೋಗಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಕಾರಕೂನ ಮುಂದಿನ ಠರಾವು ಎತ್ತಿಕೊಂಡ. ಅದನ್ನು ಮೊದಲೇ ಸಿದ್ಧಪಡಿಸಿಟ್ಟಿದ್ದರು. ಇದ್ದಂತೆಯೇ ಓದಿದ: "ಸಿಹಿನೀರಿನ ಬಾವಿಯ ಕೆಲಸದ ಬಗ್ಗೆ ಊರಿನ ಎಲ್ಲ ಓಣಿಗಳಲ್ಲಿ ಡಂಗುರ ಸಾರಿದ್ದು, ಯಾರ ತಕರಾರೂ ಬಾರದೆ ಇದ್ದುದರಿಂದ..."

ರೂಢಿಯಂತೆ ಕೈಗಳು ಏಳತೊಡಗಿದವು. ಅಣ್ಣನ ಮಗನ ಕೈಯೂ ಎದ್ದಿತು, ಭುಜದ ಮಟ್ಟಕ್ಕೆ ಬಂದು ನಿಂತಿತು.

"ತಡೀರಿ. ಎಲ್ಲಾ ಓಣ್ಯಾಗ ಅಂದ್ರ? ನಮ್ಮ ಕಾಕಾನ ಓಣ್ಯಾಗೂ ಬಾರಿಸಿದ್ರೇನು?"

ಕಾರಕೂನ ಅಧ್ಯಕ್ಷರ ಕಡೆ ನೋಡಿದ, ಅಧ್ಯಕ್ಷರು ಕಾರಕೂನನ ಕಡೆ ನೋಡಿದರು. ಎದ್ದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿದ್ದವು. ಹೋಟೆಲಿನಲ್ಲಿ ಈ ಪ್ರಶ್ನೆಯ ಪಾಠ ಆಗಿರಲಿಲ್ಲ.

"ಹೆಣ ಕುಂತಾಗ ಬಾರಿಸಿದ್ರೋ, ಇಲ್ಲ ಬಾರಿಸೇ ಇಲ್ಲೋ, ಒಂದ ಹೇಳ್ರಿ," ಎಂದರು ಆ ಮೆಂಬರರು. ಅವರ ದನಿ ಏರಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

ಗೋಡೆಯ ಕಡೆಯಿಂದ ಖಾಲಾ ಹೇಳಿದಳು: "ಒಂದ ಹಗ್ಗಕ್ಕ ಎರಡು ಬಾವಿ ನೀರ ಬರೂದಿಲ್ರಿ ಸಾಹೇಬ್ರ."

ಕೆಲವರು ನಕ್ಕರು. ನಕ್ಕವರಲ್ಲಿ ಇಬ್ಬರು ಮೆಂಬರರೂ ಇದ್ದರು. ಅಧ್ಯಕ್ಷರು ನಗಲಿಲ್ಲ. ಅವರು ಮೊದಲು ಮಗನನ್ನು ನೋಡಿದರು, ಆಮೇಲೆ ಖಾಲಾನನ್ನು, ಕೊನೆಗೆ ನನ್ನ ಚಾಪೆಯನ್ನು. ಮತ್ತೆ ಮಗನ ಕಡೆ ತಿರುಗಿ ಬಹಳ ಮೆತ್ತಗೆ ಹೇಳಿದರು: "ಆ ಓಣಿ ಡಂಗುರ ಬಾಕಿ ಐತಿ. ಕಾರಕೂನರು ತಪ್ಪಿ ಬರದಾರ. ನಾಳೆ ಸಾರ್ತಾರ. ಠರಾವ ಮುಂದಿನ ಸಭಾಕ್ಕ."

ಕೈಗಳು ಇಳಿದವು. ಕಾರಕೂನ ತನ್ನದಲ್ಲದ ತಪ್ಪನ್ನು ತಲೆ ತಗ್ಗಿಸಿ ಒಪ್ಪಿಕೊಂಡ. ಅವನ ಮೇಲೆ ನನಗೆ ಕನಿಕರ ಬಂತು. ಆದರೆ ಹೆಚ್ಚು ಹೊತ್ತು ಇರಲಿಲ್ಲ.

ಮರುದಿನ ಬೆಳಗ್ಗೆ ಡಂಗುರದ ಮುದುಕ ಓಣಿಯ ಬಾಯಿಂದ ಒಳಗೆ ಬಂದ. ಬಾವಿಕಟ್ಟೆಯ ಹತ್ತಿರ ನಿಂತು ಹಲಗಿ ಬಾರಿಸಿ ಸಾರಿದ. ಖಾಲಾ ತಲೆಯ ಮೇಲಿದ್ದ ಕೊಡಗಳನ್ನು ಇಳಿಸಿ, ಸೊಂಟದ ಮೇಲೆ ಕೈ ಇಟ್ಟು ಕೊನೆಯವರೆಗೂ ಕೇಳಿದಳು.

"ಇನ್ನೊಮ್ಮೆ ಸಾರೋ ಅಜ್ಜಾ. ಆ ಹಿತ್ತಲಮನಿಯವರಿಗೆ ಕೇಳಿಲ್ಲ."

"ಒಂದ ಓಣಿಗೆ ಒಂದ ಸಲ ಅಂತ ಐತೆವ್ವಾ."

"ಹೋದ ವಾರದ್ದ ಬಾಕಿ ಐತಲ್ಲ, ಅದನ್ನ ಸಾರು."

ಅವನು ನಕ್ಕು ಇನ್ನೊಮ್ಮೆ ಸಾರಿದ.

ಮುಂದಿನ ಸಭೆಗೆ ಹೋದಾಗ ಬೆಂಚು ಕೋಣೆಯೊಳಗೆ, ತನ್ನ ಹಳೆಯ ಜಾಗದಲ್ಲಿತ್ತು. ಒರೆಸಿಟ್ಟಿದ್ದರು. ನಾನು ಅದರ ಮೇಲೆ ಕೂರಲಿಲ್ಲ. ಅದನ್ನು ಒಳಗೆ ತಂದವರು ಯಾಕೆ ತಂದರು ಎಂದು ತಿಳಿಯುವವರೆಗೆ ಚಾಪೆಯೇ ಸಾಕು ಎನ್ನಿಸಿತು. ಬೆಂಚಿನ ಮೇಲೆ ಓಣಿಯ ಹಿರಿಯರು ಕೂತರು. ಖಾಲಾ ನಿಂತೇ ಮಾತಾಡಿದಳು. ಪೇಟೆಯ ಮಕ್ಕಳೂ ಸಿಹಿನೀರು ಕುಡಿಯಲಿ, ಇಂಜಿನ್ ಕೂಡ್ರಿಸಿ, ಆದರೆ ಬಾವಿಯ ಬಾಯಿ ಮುಚ್ಚಬೇಡಿ, ಗಡಗಡಿ ತೆಗೆಯಬೇಡಿ ಎಂದಳು. ಅಜ್ಜನ ಅಣ್ಣನ ಮಗನಾದ ಮೆಂಬರರೇ ಅವಳ ಮಾತಿಗೆ ಮೊದಲ ಕೈ ಎತ್ತಿದರು. ಓಣಿಯವರು ಸೇದಿ ಮುಗಿಸಿದ ಮೇಲೆಯೇ ಇಂಜಿನ್ ನಡೆಸತಕ್ಕದ್ದು, ಬಾಯಿ ಬಂದ್ ಮಾಡತಕ್ಕದ್ದಲ್ಲ ಎಂದು ಠರಾವಾಯಿತು. ಅಧ್ಯಕ್ಷರು ಒಂದು ಮಾತೂ ಎದುರಾಡದೆ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ನಾನು ಬಹಳ ದಿನ ಯೋಚಿಸಿದೆ.

ಇಂಜಿನ್ ಬಂತು. ಅದರ ಜೊತೆ ಬಂದ ಮಿಸ್ತ್ರಿ, ಕಸ ಬೀಳಬಾರದೆಂದು ನಾಲ್ಕು ದಿನದ ಮಟ್ಟಿಗೆ ಬಾವಿಗೆ ಮರದ ಹಲಗೆ ಮುಚ್ಚುತ್ತೇನೆ ಎಂದ. ಖಾಲಾ ಹೋಗಿ ಕಟ್ಟೆಯ ಮೇಲೆ ಕೂತಳು. "ನಾಕು ದಿನಾ ನಾನ ಕಸ ಕಾಯ್ತೇನಿ," ಎಂದಳು. ಅವನು ಹಲಗೆಗಳನ್ನು ತಿರುಗಿ ಗಾಡಿಗೆ ಹೇರಿದ. ಪೇಟೆಯ ಹೋಟೆಲುಗಳಿಗೆ ಅವಳ ನೀರು ಬೇಡವಾಯಿತು. ಮೇಲಿನ ಓಣಿಗಳಲ್ಲಿ ಹೊಸ ಮನೆಗಳು ಸಿಕ್ಕವು. ಏರುದಾರಿ, ಮೊದಲಿಗಿಂತ ಕಷ್ಟ. ಆದರೆ ಹೊರಲು ನೀರಿತ್ತು.

ಆ ವರ್ಷವೇ ನನಗೆ ವರ್ಗವಾಯಿತು. ವರ್ಗ ಎಲ್ಲರಿಗೂ ಆಗುತ್ತದೆ. ಆದರೆ ನಡುವರ್ಷಕ್ಕೆ, ಅದೂ ನಮ್ಮ ಶಾಲೆಯಲ್ಲಿ ನನಗೊಬ್ಬಳಿಗೇ. ಕಾರಣ ಯಾರೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಹೊರಡುವ ದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಟ್ರಂಕು ಕಟ್ಟಿಟ್ಟಿದ್ದೆ, ಚಾಪೆ ಸುತ್ತಿಟ್ಟಿದ್ದೆ. ಕತ್ತಲಲ್ಲಿ ಕಿವಿಗೊಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಗಡಗಡಿಯ ಸಪ್ಪಳ ಬಂತು, ಆಮೇಲೆ ಕೊಡ ನೀರಿಗೆ ಬಡಿದ ಸಪ್ಪಳ. ಖಾಲಾನದೇ.

ಅಷ್ಟು ಕೇಳಿದ ಮೇಲೂ ಎದ್ದು ಹೊರಗೆ ಹೋದೆ. ಕಟ್ಟೆಗೆ ಕೈಯೂರಿ, ಬಗ್ಗಿ, ಬಾವಿಯೊಳಗೆ ಒಮ್ಮೆ ನೋಡಿದೆ. ಖಾಲಾ ಹಗ್ಗ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು.

"ತೆರದ ಐತ್ರಿ ಅಕ್ಕೋರ," ಎಂದಳು.

ನಾನು ಇನ್ನೊಂದು ಸಲ ಬಗ್ಗಿ ನೋಡಿದೆ.